ಗೆಳೆಯರ ಕೂಟ ಮತ್ತು ದ್ವೀಪದ ಬಾವಿ

ಕಾಲೇಜು ಬಿಟ್ಟು ಇಪ್ಪತ್ತೈದು ವರ್ಷ ತುಂಬಿದವರು ಮತ್ತೊಮ್ಮೆ ಒಂದೆಡೆ ಸೇರುವ ಪದ್ಧತಿ ಮಲೆನಾಡಿನ ಊರುಗಳಲ್ಲಿ ಈಗ ಸಾಮಾನ್ಯವಾಗಿದೆ. ಮೊದಮೊದಲು ಇಂತಹ ಕೂಟಗಳು ಕಾಲೇಜಿನ ಸಭಾಂಗಣದಲ್ಲಿಯೇ ನಡೆಯುತ್ತಿದ್ದವು. ನಿವೃತ್ತ ಅಧ್ಯಾಪಕರಿಗೆ ಶಾಲು ಹೊದಿಸುವುದು, ಒಂದೆರಡು ಭಾಷಣ, ಮಧ್ಯಾಹ್ನ ಹೋಳಿಗೆಯ ಊಟ, ಸಂಜೆಯ ಬಸ್ಸಿಗೆ ಅವರವರ ಊರು. ಈಚೆಗೆ ಕೂಟದ ಸ್ಥಳ ಬದಲಾಗಿದೆ. ಬೆಂಗಳೂರು, ಪುಣೆ, ದುಬೈ, ಅಮೆರಿಕಗಳಲ್ಲಿ ಚದುರಿಹೋದ ಗೆಳೆಯರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನ ಗೊತ್ತುಮಾಡುತ್ತಾರೆ. ಫುಕೆಟ್, ಬಾಲಿ, ಮಾಲ್ದೀವ್ಸ್, ಅಂಡಮಾನ್, ಲಕ್ಷದ್ವೀಪ ಎಂಬ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಯಾವುದಾದರೊಂದು ದ್ವೀಪಕ್ಕೆ ಮೂರು ರಾತ್ರಿ, ನಾಲ್ಕು ಹಗಲಿನ ಏರ್ಪಾಡು ಆಗುತ್ತದೆ.

ಈ ಆಸೆಯನ್ನು ಹಗುರವಾಗಿ ಕಾಣಬೇಕಾದ ಕಾರಣವಿಲ್ಲ. ನಲವತ್ತೇಳು, ನಲವತ್ತೆಂಟರ ವಯಸ್ಸಿನಲ್ಲಿ ಊರಿಗೆ ಬಂದವರಿಗೆ ಊರು ಬಿಡುವು ಕೊಡುವುದಿಲ್ಲ. ತಂದೆಯ ಕಾಯಿಲೆ, ಪಹಣಿಯ ತಿದ್ದುಪಡಿ, ಅಣ್ಣತಮ್ಮಂದಿರ ಪಾಲು, ದೇವಸ್ಥಾನದ ಜೀರ್ಣೋದ್ಧಾರ, ನೆಂಟರ ಮನೆಯ ಗೃಹಪ್ರವೇಶ ಇವುಗಳಲ್ಲಿಯೇ ರಜೆ ಮುಗಿಯುತ್ತದೆ. ದ್ವೀಪದಲ್ಲಿ ಯಾರ ಪರಿಚಯವೂ ಇಲ್ಲ. ಯಾರೂ ಬಾಗಿಲು ತಟ್ಟುವುದಿಲ್ಲ. ಹಾಸ್ಟೆಲಿನ ಅಡ್ಡಹೆಸರುಗಳನ್ನು ಮತ್ತೆ ಕೂಗಿ ಕರೆಯಲು, ಅಂದಿನ ಜಗಳಕ್ಕೆ ಇಂದು ನಗಲು ಸುತ್ತಲೂ ನೀರಿರುವ ಒಂದು ತುಂಡು ನೆಲ ಬೇಕೆನಿಸುವುದು ಮನುಷ್ಯ ಸಹಜವಾದುದು.

ಆದರೆ ಹಡಗು ಹತ್ತುವ ಮೊದಲೇ ಈ ಕೂಟದಿಂದ ಕೆಲವರು ಉಳಿದುಹೋಗಿರುತ್ತಾರೆ. ತರಗತಿಯಲ್ಲಿ ಜೊತೆಗೆ ಕುಳಿತು, ಪದವಿಯ ನಂತರ ಊರಿನಲ್ಲಿಯೇ ನೆಲೆ ನಿಂತವರು ಅವರು. ಹಳದಿ ಎಲೆ ರೋಗ ಬಿದ್ದ ಅಡಿಕೆ ತೋಟವನ್ನು ನೋಡಿಕೊಳ್ಳುವವನೊಬ್ಬ, ಅನುದಾನರಹಿತ ಶಾಲೆಯಲ್ಲಿ ಪಾಠ ಹೇಳುವವಳೊಬ್ಬಳು, ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನೊಬ್ಬ. ತಲೆಗೆ ಇಷ್ಟು ಸಾವಿರ ಎಂದು ಲೆಕ್ಕ ಬಂದ ದಿನ ಅವರು ಗುಂಪಿನಲ್ಲಿ ಶುಭ ಹಾರೈಸಿ ಸುಮ್ಮನಾಗುತ್ತಾರೆ. ಅವರು ಹೇಳುವ ಕಾರಣ ಸಾಮಾನ್ಯವಾಗಿ ಕೊಯ್ಲು. ಅದನ್ನು ಉಳಿದವರು ಒಪ್ಪಿಕೊಳ್ಳುತ್ತಾರೆ. ಸಮಾಗಮವೆಂದು ಕರೆಯಲಾದ ಸಮಾರಂಭವೊಂದು ಬೆಟ್ಟ ಬಿಟ್ಟವರ ಕೂಟವಾಗಿ ಮಾತ್ರ ಉಳಿಯುವುದು ಹೀಗೆ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ. ಮೊದಲು ದ್ವೀಪದ ಕಡೆಗೆ ನೋಡುವುದು ಯುಕ್ತ.

2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಚಿತ್ರಗಳು ಪ್ರಕಟವಾದವು. ಮಾಲ್ದೀವ್ಸ್‌ನ ಕೆಲವು ಉಪಸಚಿವರು ಅದರ ಕುರಿತು ಹಗುರವಾಗಿ ಮಾತನಾಡಿ ಅಮಾನತುಗೊಂಡರು. ಮಾಲ್ದೀವ್ಸ್ ಬಿಡಿ, ಲಕ್ಷದ್ವೀಪಕ್ಕೆ ನಡೆಯಿರಿ ಎಂಬ ಕರೆ ದೇಶದೆಲ್ಲೆಡೆ ಎದ್ದಿತು. ಅದುವರೆಗೆ ಭೂಪಟದಲ್ಲಿ ಚುಕ್ಕೆಗಳಾಗಿದ್ದ ದ್ವೀಪಗಳು ಒಂದೇ ವಾರದಲ್ಲಿ ಎಲ್ಲರ ಬಾಯಿಗೆ ಬಂದವು. ಕೂಟಗಳ ಪಟ್ಟಿಯಲ್ಲಿಯೂ ಆ ಹೆಸರು ಮೇಲಕ್ಕೆ ಏರಿತು. ದೇಶಪ್ರೇಮದ ಹೆಸರಿನಲ್ಲಿ ಹೊರಟ ಈ ಉತ್ಸಾಹ ದ್ವೀಪದಲ್ಲಿ ಎಷ್ಟು ಜಾಗವಿದೆ, ಎಷ್ಟು ನೀರಿದೆ ಎಂದು ಕೇಳಲಿಲ್ಲ. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. ಮಲೆನಾಡಿನ ಒಂದು ದೊಡ್ಡ ಗ್ರಾಮ ಪಂಚಾಯತಿಯ ವ್ಯಾಪ್ತಿಯೇ ಇದಕ್ಕಿಂತ ಹೆಚ್ಚಿರಬಹುದು. ಅದರಲ್ಲಿ ಜನವಸತಿ ಇರುವ ದ್ವೀಪಗಳು ಹತ್ತು. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ. ಚದರ ಕಿಲೋಮೀಟರಿಗೆ ಎರಡು ಸಾವಿರ ಮಂದಿ. ಖಾಲಿ ಬಿದ್ದ ಸ್ವರ್ಗವೆಂದು ಜಾಹೀರಾತುಗಳು ತೋರಿಸುವ ಸ್ಥಳ ವಾಸ್ತವದಲ್ಲಿ ಮನೆಗೆ ಮನೆ ತಾಗಿರುವ ಹಳ್ಳಿಗಳ ಸಾಲು.

ಕನ್ನಡ ನಾಡಿಗೆ ಈ ದ್ವೀಪಗಳು ಪರಕೀಯವಲ್ಲ ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಿಳಿಯದ ಸಂಗತಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಇವು ಅಮಿನ್‌ದೀವಿ ಎಂಬ ಗುಂಪಿನ ದ್ವೀಪಗಳು. 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಸೇರಿ, 1799ರ ನಂತರ ಕಂಪನಿಯ ಕೈಸೇರಿದ ಇವು ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾದಾಗ ಆ ಸಂಬಂಧ ಕಡಿಯಿತು. ಅದಕ್ಕೆ ಮೊದಲು ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಿ, ಬದಲಿಗೆ ಅಕ್ಕಿ ಪಡೆಯಬೇಕೆಂಬ ಏಕಸ್ವಾಮ್ಯದ ಕಟ್ಟಳೆ ಬಹುಕಾಲ ನಡೆದಿತ್ತು. ಹುರಿಯ ಬೆಲೆಯನ್ನೂ ಅಕ್ಕಿಯ ಬೆಲೆಯನ್ನೂ ಗೊತ್ತುಮಾಡುವ ಅಧಿಕಾರ ಒಂದೇ ಕೈಯಲ್ಲಿದ್ದಾಗ ನಷ್ಟ ಯಾರಿಗೆಂದು ಹೇಳಬೇಕಾಗಿಲ್ಲ. ಗಟ್ಟದ ಕೆಳಗಿನವರ ಲೆಕ್ಕಪುಸ್ತಕದಲ್ಲಿ ದ್ವೀಪದವರು ಮೊದಲಿನಿಂದಲೂ ಕಿರಿಯ ಪಾಲುದಾರರೇ.

ಆ ವ್ಯವಹಾರ ಬೇರೊಂದು ರೂಪದಲ್ಲಿ ಇಂದಿಗೂ ಮುಂದುವರಿದಿದೆ. ಮಂಗಳೂರಿನ ಹಳೆ ಬಂದರಿನಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು ನಿಂತಿರುತ್ತವೆ. ಅವುಗಳಲ್ಲಿ ತರಕಾರಿ, ದಿನಸಿಗಳ ಜೊತೆಗೆ ಸಿಮೆಂಟು, ಜಲ್ಲಿ, ಮರಳು ಹೋಗುತ್ತವೆ. ದ್ವೀಪದ ದಂಡೆಯ ಮರಳನ್ನು ತೆಗೆದರೆ ದಂಡೆಯೇ ಕೊಚ್ಚಿಹೋಗುತ್ತದೆ. ಆದ್ದರಿಂದ ಕಟ್ಟಡದ ಸಾಮಗ್ರಿ ಹೊರಗಿನಿಂದ ಬರಲೇಬೇಕು. ಬರುವುದೆಲ್ಲಿಂದ? ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟಿ ಹರಿಯುವ ನೇತ್ರಾವತಿಯ ಪಾತ್ರದಿಂದ, ಗಟ್ಟದ ಬುಡದ ಕಲ್ಲುಕ್ವಾರಿಗಳಿಂದ. ಅಲ್ಲಿನ ಬಡವನೊಬ್ಬ ಮನೆ ಕಟ್ಟಿಕೊಳ್ಳಲು ಒಯ್ಯುವ ಮರಳಿನ ಬಗ್ಗೆ ಯಾರೂ ತಕರಾರು ಎತ್ತುವುದು ಸಲ್ಲದು. ಆದರೆ ಪ್ರವಾಸಿಗರಿಗಾಗಿ ಏಳುವ ಪ್ರತಿಯೊಂದು ಹೊಸ ಕೊಠಡಿಯೂ ಎರಡು ಕಡೆ ಗುಂಡಿ ತೋಡುತ್ತದೆ: ಒಂದು ದ್ವೀಪದಲ್ಲಿ, ಇನ್ನೊಂದು ಬೆಟ್ಟದ ಹೊಳೆಯಲ್ಲಿ. ಮಲೆನಾಡಿನ ಬ್ಯಾಚೊಂದು ಕಡಮತ್‌ನ ಕೊಠಡಿಯಲ್ಲಿ ಮಲಗುವಾಗ ಗೋಡೆಯೊಳಗೆ ಅವರ ಊರಿನ ಹೊಳೆಯೇ ಇರುವ ಸಾಧ್ಯತೆ ಇದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ನೀರು. ಲಕ್ಷದ್ವೀಪದಲ್ಲಿ ನದಿಯಿಲ್ಲ, ತೊರೆಯಿಲ್ಲ, ಗುಡ್ಡವೂ ಇಲ್ಲ. ನೆಲ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 1,600 ಮಿಲಿಮೀಟರ್. ಏಳು ಸಾವಿರ ಮೀರುವ ಆಗುಂಬೆಯ ಜನರಿಗೆ ಇದು ಅಲ್ಪವೆನಿಸಬಹುದು. ಈ ಮಳೆ ಹವಳದ ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಎರಡೂ ಕೂಡಲೇ ಬೆರೆಯುವುದಿಲ್ಲ. ನಡುವೆ ದಪ್ಪ, ಅಂಚಿಗೆ ತೆಳು, ಮಸೂರದ ಆಕಾರದ ಒಂದು ಪದರ ಅದು. ದ್ವೀಪದ ಮನೆಮನೆಯ ಬಾವಿ ಮುಟ್ಟುವುದು ಆ ಪದರವನ್ನೇ. ಸಮುದ್ರದ ಉಬ್ಬರವಿಳಿತಕ್ಕೆ ಬಾವಿಯ ನೀರೂ ಏರಿ ಇಳಿಯುತ್ತದೆ. ಕೊಡದಿಂದ ಸೇದಿದಷ್ಟು ಕಾಲ ಮೇಲಿನ ಸಿಹಿನೀರು ಬರುತ್ತದೆ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಗೋಪುರದಂತೆ ಮೇಲೇರಿ ಬಾವಿಯನ್ನು ಸೇರುತ್ತದೆ. ಹಾಗೆ ಕೆಟ್ಟ ಬಾವಿ ಸರಿಯಾಗಲು ಮತ್ತೆ ಮಳೆಗಾಲವನ್ನೇ ಕಾಯಬೇಕು. ಶೌಚದ ಗುಂಡಿಗೂ ಬಾವಿಗೂ ನಡುವೆ ಇರುವುದು ಸರಂಧ್ರವಾದ ಮರಳು ಮಾತ್ರ ಎಂಬುದು ಇನ್ನೊಂದು ತೊಡಕು. ಎರಡನೆಯ ಅಪಾಯ ಮೊದಲನೆಯದಕ್ಕಿಂತ ಬೇಗ ಬರುತ್ತದೆ.

ಸರ್ಕಾರ ಇದಕ್ಕೆ ಪರಿಹಾರ ಹುಡುಕದೆ ಇಲ್ಲ. 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ನಿರ್ಲವಣೀಕರಣ ಘಟಕವನ್ನು ಸ್ಥಾಪಿಸಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಮುನ್ನೂರು ಮೀಟರಿಗೂ ಹೆಚ್ಚು ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಕ್ರಮವಿದು. ಭಾರತದ ವಿಜ್ಞಾನಿಗಳ ಜಾಣ್ಮೆಗೆ ಇದು ನಿಜವಾದ ಸಾಕ್ಷಿ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗಳಲ್ಲಿಯೂ ಘಟಕಗಳು ಬಂದವು. ಹೀಗಿದ್ದರೂ ಒಂದು ಲಕ್ಷ ಲೀಟರನ್ನು ಹತ್ತು ಸಾವಿರ ಜನರಿಗೆ ಹಂಚಿದರೆ ತಲೆಗೆ ಹತ್ತು ಲೀಟರ್. ಕುಡಿಯಲು, ಅಡುಗೆಗೆ ಸಾಕು. ಉಪ್ಪುನೀರಿನಲ್ಲಿ ಮಿಂದು ಬಂದ ಅತಿಥಿ ದಿನಕ್ಕೆ ಮೂರು ಬಾರಿ ಸಿಹಿನೀರಿನ ಸ್ನಾನ ಮಾಡಲು ಅಲ್ಲ. ಘಟಕ ನಡೆಯಲು ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತಿನ ಬಹುಪಾಲು ಡೀಸೆಲಿನಿಂದ ಬಂದಿದೆ, ಆ ಡೀಸೆಲು ಮುಖ್ಯಭೂಮಿಯಿಂದ ಹಡಗಿನಲ್ಲಿ ಬರುತ್ತದೆ.

ಇಲ್ಲಿ ಕಾಲದ ಮಾತೂ ಇದೆ. ಪ್ರವಾಸಿಗರು ಬರುವುದು ಮಳೆ ನಿಂತು ಸಮುದ್ರ ಶಾಂತವಾದ ಮೇಲೆ. ಬಾವಿಯ ಸಿಹಿಪದರ ತೆಳುವಾಗುತ್ತ ಹೋಗುವುದೂ ಅದೇ ತಿಂಗಳುಗಳಲ್ಲಿ. ಮಾರ್ಚ್, ಏಪ್ರಿಲ್‌ಗಳಲ್ಲಿ ಅತಿಥಿಯ ಬಾಯಾರಿಕೆ ಹೆಚ್ಚು, ಆತಿಥೇಯನ ಬಾವಿ ಕಡಿಮೆ. ಮಲೆನಾಡಿನವರಿಗೆ ಈ ಕಥೆ ಹೊಸದಲ್ಲ. ಹೋಮ್‌ಸ್ಟೇಗಳ ಈಜುಕೊಳಕ್ಕೆ ಟ್ಯಾಂಕರು ಏರಿ ಬರುವಾಗ ಕೆಳಗಿನ ಕೇರಿಯವರು ಬತ್ತಿದ ಅಬ್ಬಿಯ ಮುಂದೆ ಕೊಡ ಹಿಡಿದು ನಿಂತಿರುತ್ತಾರೆ.

ಹವಳದ ವಿಚಾರದಲ್ಲಿ ಪ್ರಾಮಾಣಿಕವಾಗಿ ಮಾತನಾಡುವುದು ಅಗತ್ಯ. ಪ್ರವಾಸಿಗನ ಕಾಲ್ತುಳಿತವೇ ಹವಳವನ್ನು ಕೊಲ್ಲುತ್ತಿದೆ ಎಂಬ ಪ್ರಚಾರ ಅರ್ಧಸತ್ಯ. ದೊಡ್ಡ ಕಾರಣ ಸಮುದ್ರದ ಶಾಖ. ಹವಳವೆಂಬುದು ಕಲ್ಲಲ್ಲ, ಸುಣ್ಣದ ಗೂಡು ಕಟ್ಟಿಕೊಳ್ಳುವ ಪುಟ್ಟ ಜೀವಿಗಳ ವಸತಿ. ಆ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಅದು ಹವಳಕ್ಕೆ ಉಣಿಸುತ್ತದೆ. ಹವಳದ ಬಣ್ಣದ ಹೆಚ್ಚಿನ ಪಾಲೂ ಅದರದೇ. ಬೇಸಗೆಯ ಗರಿಷ್ಠ ಶಾಖಕ್ಕಿಂತ ಒಂದು ಡಿಗ್ರಿ ಹೆಚ್ಚಿಗೆ ಕೆಲವು ವಾರ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಶಾಖ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ ಇದು 1998ರಲ್ಲಿ ವ್ಯಾಪಕವಾಗಿ ನಡೆಯಿತು. ನಂತರ 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ. ಮೈಸೂರಿನಲ್ಲಿ ಕೇಂದ್ರವಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳನ್ನು ಎರಡು ದಶಕಕ್ಕೂ ಮೀರಿ ಗಮನಿಸಿದ್ದಾರೆ. 2025ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ವೇಳೆಗೆ ಶೇ. 19ರ ಆಸುಪಾಸಿಗೆ ಇಳಿದಿದೆ.

1998ರಲ್ಲಿ ಪದವಿ ಮುಗಿಸಿದ ಬ್ಯಾಚಿನವರ ಬೆಳ್ಳಿಹಬ್ಬ 2023ರಲ್ಲಿ ಬಂದಿತು. ಅವರು ಉದ್ಯೋಗ ಹಿಡಿದು, ಸಂಸಾರ ಕಟ್ಟಿ, ಕೂದಲು ನರೆಸಿಕೊಂಡ ಅಷ್ಟೇ ಅವಧಿಯಲ್ಲಿ ಅವರು ನೋಡಲು ಹೊರಟ ಹವಳ ಅರ್ಧಕ್ಕೆ ಇಳಿದಿತ್ತು.

ದ್ವೀಪದವರಿಗೆ ಹವಳ ನೋಟದ ವಸ್ತುವಲ್ಲ. ಅವರ ನೆಲವೇ ಹವಳದ ಪುಡಿ. ಅಲೆಯ ಹೊಡೆತವನ್ನು ತಡೆಯುವ ಗೋಡೆ ಹವಳದ ದಿಬ್ಬ. ದಿಬ್ಬದ ಒಳಗಡೆ ಕೊಳದಂತೆ ನಿಂತ ತಿಳಿನೀರಿನಲ್ಲಿ ಬೆಳೆಯುವ ಸಣ್ಣ ಮೀನುಗಳೇ ಅವರ ಟ್ಯೂನಾ ಬೇಟೆಗೆ ಬೇಕಾದ ಜೀವಂತ ಎರೆ. ಬಲೆ ಬೀಸದೆ, ಗಳು ಮತ್ತು ಗಾಳದಿಂದ ಒಂದೊಂದೇ ಮೀನನ್ನು ಹಿಡಿಯುವ ಈ ಕ್ರಮ ಸಮುದ್ರಕ್ಕೆ ಅತ್ಯಂತ ಕಡಿಮೆ ಹಾನಿ ಮಾಡುವ ಮೀನುಗಾರಿಕೆಗಳಲ್ಲಿ ಒಂದು. ದಿಬ್ಬ ಸೋತರೆ ಎರೆ ಇಲ್ಲ, ಎರೆ ಇಲ್ಲದೆ ಟ್ಯೂನಾ ಇಲ್ಲ, ದಂಡೆಯೂ ಉಳಿಯುವುದಿಲ್ಲ. ಪ್ರವಾಸಿಗರಿಗೆ ಪ್ರಿಯವಾದ ಬಂಗಾರಂ ದ್ವೀಪದ ವರ್ತುಲದಲ್ಲಿಯೇ ಪರಳಿ ಎಂಬ ಕಿರುದ್ವೀಪವೊಂದು ಪೂರ್ತಿಯಾಗಿ ಕೊರೆದುಹೋಗಿರುವುದನ್ನು 2017ರಲ್ಲಿ ಸಂಶೋಧಕರು ದಾಖಲಿಸಿದರು. ಅಲ್ಲಿ ಜನರಿರಲಿಲ್ಲ, ಆದ್ದರಿಂದ ಯಾರೂ ಅಳಲಿಲ್ಲ.

ಹಾಗಾದರೆ ಹೋಗುವವರ ಪಾಲೇನು? ಶಾಖಕ್ಕೆ ಕಾರಣವಾದ ಹೊಗೆಯಲ್ಲಿ ವಿಮಾನದ ಪಾಲೂ ಇದೆ, ಅದು ಒಂದು. ಇನ್ನೊಂದು, ಬಿಳಿಚಿಕೊಂಡ ಹವಳ ಚೇತರಿಸಿಕೊಳ್ಳಲು ಬಿಡುವು ಕೇಳುತ್ತದೆ. ಆ ಬಿಡುವಿನ ವರ್ಷಗಳಲ್ಲಿ ಕೊಳಚೆ, ಲಂಗರು, ಕಾಲ್ತುಳಿತ, ಹೂಳು ಇವು ರೋಗಿಯ ಕೋಣೆಯ ಗದ್ದಲದಂತೆ. ಥೈಲ್ಯಾಂಡಿನ ಮಾಯಾ ಬೇ ಕೊಲ್ಲಿಯ ಅನುಭವ ಇಲ್ಲಿ ಪ್ರಸ್ತುತ. 2000ದಲ್ಲಿ ಬಂದ ಒಂದು ಹಾಲಿವುಡ್ ಚಿತ್ರದಿಂದ ಹೆಸರಾದ ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಐದು ಸಾವಿರದವರೆಗೆ ಜನ ಬರತೊಡಗಿದ್ದರು. 2018ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿತು. ನಾಲ್ಕು ತಿಂಗಳೆಂದು ಹೇಳಿದ್ದು 2022ರ ಜನವರಿಯವರೆಗೆ ಮುಂದುವರಿಯಿತು. ಅಷ್ಟರಲ್ಲಿ ಕಪ್ಪು ಅಂಚಿನ ರೆಕ್ಕೆಯ ಶಾರ್ಕುಗಳು ದಂಡೆಯ ಬಳಿಗೆ ಮರಳಿದ್ದವು. ಮರುತೆರೆದಾಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಬಂದವರ ಸಂಖ್ಯೆಗೆ ಮಿತಿ ಎಂಬ ಕಟ್ಟಳೆಗಳು ಬಂದವು. ಪ್ರವಾಸದಿಂದಲೇ ಬದುಕುವ ದೇಶವೊಂದು ಇಷ್ಟು ಮಾಡಬಲ್ಲದಾದರೆ ಮಿತಿ ಹೇರಿದರೆ ಆದಾಯ ನಿಂತೇಹೋಗುತ್ತದೆ ಎಂಬ ವಾದಕ್ಕೆ ಬಲವಿಲ್ಲ.

ಲಕ್ಷದ್ವೀಪದಲ್ಲಿ ಅಂತಹ ಕಟ್ಟಳೆ ಮೊದಲಿನಿಂದಲೇ ಇದೆ. 1967ರ ನಿಯಮಗಳ ಪ್ರಕಾರ ಹೊರಗಿನ ಭಾರತೀಯರೂ ಪ್ರವೇಶ ಪರವಾನಗಿ ಪಡೆದೇ ಕಾಲಿಡಬೇಕು. ದ್ವೀಪವಾಸಿಗಳಲ್ಲಿ ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಕೂಟದ ಏರ್ಪಾಡು ಮಾಡುವವರಿಗೆ ಈ ಪರವಾನಗಿ ದೊಡ್ಡ ಕಿರಿಕಿರಿಯಾಗಿ ಕಾಣುತ್ತದೆ. ಆದರೆ ಆ ದ್ವೀಪಗಳು ಈವರೆಗೆ ಉಳಿದಿರುವುದರಲ್ಲಿ ಆ ಕಿರಿಕಿರಿಯ ಪಾಲು ದೊಡ್ಡದು. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಹೊರಬಿದ್ದಾಗ ದ್ವೀಪದ ಜನ ಮನೆಯ ಮುಂದೆಯೇ ಉಪವಾಸ ಕುಳಿತು ಪ್ರತಿಭಟಿಸಿದ್ದು ಪ್ರವಾಸಿಗರ ಮೇಲಿನ ದ್ವೇಷದಿಂದಲ್ಲ. ತಮ್ಮ ನೆಲದ ಬಗ್ಗೆ ತೀರ್ಮಾನ ಮಾಡುವಾಗ ತಮ್ಮನ್ನು ಕೇಳಬೇಕೆಂಬ ಹಕ್ಕಿನಿಂದ.

ಇದೇ ಹಕ್ಕನ್ನು ಮಲೆನಾಡು ದಶಕಗಳಿಂದ ಕೇಳುತ್ತ ಬಂದಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಂತೆಯಂತೆ ಜನ ಕಿಕ್ಕಿರಿದಾಗ ಚಾರಣವನ್ನು ನಿಲ್ಲಿಸಿ, ಮುಂಗಡ ನೋಂದಣಿಯನ್ನು ತರಬೇಕಾಯಿತು. 2025ರಲ್ಲಿ ಮುಳ್ಳಯ್ಯನಗಿರಿಯ ವಾಹನಗಳಿಗೂ ಮಿತಿ ಬಂತು. ಬೆಟ್ಟದ ಹಳ್ಳಿಗಳು ಇವನ್ನು ಸ್ವಾಗತಿಸಿದವು. ವಾರಾಂತ್ಯದಲ್ಲಿ ಬಾಟಲಿ ಎಸೆದು, ಹಾಡು ಹಾಕಿ, ಗದ್ದೆಯ ಅಂಚಿನಲ್ಲಿ ಕಾರು ನಿಲ್ಲಿಸುವವರ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಅರ್ಧ ಗಂಟೆ ಮಾತು ಸಿಗುತ್ತದೆ. ಆ ಕಾರುಗಳಲ್ಲಿ ಬರುವವರೂ ಯಾವುದೋ ಕಾಲೇಜಿನ ಹಳೆಯ ಗೆಳೆಯರೇ. ಬೆಟ್ಟದ ಮನೆಯ ಮಕ್ಕಳು ದ್ವೀಪಕ್ಕೆ ಹೋದಾಗ ಅಲ್ಲಿಯವರ ಕಣ್ಣಿಗೆ ಅವರೂ ಅದೇ ಕಾರಿನವರಾಗಿ ಕಾಣುವುದಿಲ್ಲವೇ?

ಹೋಗಲೇಬೇಕೆಂದು ಹೊರಟವರಿಗೆ ದಾರಿಗಳಿಲ್ಲದೆ ಇಲ್ಲ. ಬಾವಿ ತುಂಬಿರುವ ಅಕ್ಟೋಬರ್, ನವೆಂಬರಿನಲ್ಲಿ ಹೋಗಬಹುದು. ನೀರಿನ ಮೇಲೆ ಕಟ್ಟಿದ ವಿಲಾಸಿ ಕೊಠಡಿಯ ಬದಲು ದ್ವೀಪದವರ ಮನೆಯಲ್ಲಿ ಉಳಿದರೆ ಹಣ ಅಲ್ಲಿಯೇ ಉಳಿಯುತ್ತದೆ. ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ಹಾಸ್ಟೆಲಿನ ಅಭ್ಯಾಸವೂ ನೆನಪಾಗುತ್ತದೆ. ಒಯ್ದ ಪ್ಲಾಸ್ಟಿಕ್ಕನ್ನು ಅದೇ ಚೀಲದಲ್ಲಿ ಮರಳಿ ತರುವುದು ಕಷ್ಟದ ಕೆಲಸವಲ್ಲ. ಕೊಠಡಿ ಕಾದಿರಿಸುವ ಮೊದಲು ಕೂಟದ ಖಜಾಂಚಿ ಬೆಲೆಯೊಂದನ್ನೇ ಕೇಳದೆ, ಸ್ನಾನದ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಲಿ. ಉತ್ತರ ಕೊಡಲು ತಡವರಿಸುವ ಜಾಗವನ್ನು ಬಿಡುವುದೇ ಲೇಸು.

ಮೊದಲು ಬಿಟ್ಟ ಮಾತಿಗೆ ಬರುವುದಾದರೆ, ಊರಿನಲ್ಲಿ ಉಳಿದ ಗೆಳೆಯರ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಹೊರಗಿರುವವರು ಅವರ ಪಾಲಿನ ಹಣ ಹಾಕಿ ಕರೆದೊಯ್ಯುತ್ತೇವೆಂದು ಕೆಲವೆಡೆ ಮುಂದೆ ಬಂದಿದ್ದಾರೆ. ಸ್ವಾಭಿಮಾನಿಗಳು ಅದನ್ನು ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ. ಹೊರಟ ಇಪ್ಪತ್ತು ಜನ ಬೆಟ್ಟಕ್ಕೇ ಬಂದರೆ ಉಳಿದ ಹತ್ತು ಜನ ಒಂದು ರೂಪಾಯಿ ಖರ್ಚಿಲ್ಲದೆ ನಡೆದು ಬಂದು ಸೇರಬಲ್ಲರು. ಮಾತು ಮುಗಿದ ಮೇಲೆ ಹಳದಿ ಎಲೆ ರೋಗದ ತೋಟವನ್ನೂ ಬತ್ತಿದ ಅಬ್ಬಿಯನ್ನೂ ಒಮ್ಮೆ ನೋಡಿ ಬರಬಹುದು. ಎಂಜಿನಿಯರು, ವೈದ್ಯ, ಲೆಕ್ಕಪರಿಶೋಧಕ, ವಕೀಲ ಎಲ್ಲರೂ ಇರುವ ಬ್ಯಾಚೊಂದಕ್ಕೆ ಅಲ್ಲಿ ಮಾಡಲು ಕೆಲಸವೂ ಸಿಕ್ಕೀತು. ದಸರಾ ರಜೆಯಲ್ಲಿ ಕಾಲೇಜಿನ ಸಭಾಂಗಣಗಳು ಸಾಮಾನ್ಯವಾಗಿ ಖಾಲಿ ಇರುತ್ತವೆ. ಪ್ರಾಂಶುಪಾಲರ ಹೆಸರಿಗೆ ಒಂದು ಅರ್ಜಿ, ಅಡುಗೆಯವರಿಗೆ ಒಂದು ವಾರ ಮೊದಲೇ ತಿಳಿವಳಿಕೆ, ಇಷ್ಟಿದ್ದರೆ ಸಾಕು.